ಪುಷ್ಯ ಮಳೆ ದಾಟುವ ಮೀನು: ಮಲೆನಾಡಿನ ಮನೆಗೆ ಯಾವ ಸರ್ಜನ್ ಮೀನು?

ದಸರಾ ಕಳೆಯಿತೆಂದರೆ ನನ್ನ ಫೋನಿಗೆ ಮೀನಿನ ಫೋಟೋಗಳು ಬರಲು ಶುರುವಾಗುತ್ತವೆ. ಈ ಸಲ ಮೂವರು ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ದಾರೆ. ಶಿವಮೊಗ್ಗದ ವಿನೋಬನಗರದವರೊಬ್ಬರ ಬಳಿ ನಾಲ್ಕು ಅಡಿಯ ಉಪ್ಪುನೀರಿನ ಟ್ಯಾಂಕ್ ಇದೆ, ಕಲ್ಲಿನ ಮೇಲೆಲ್ಲ ಹಸಿರು ಪಾಚಿ ಹಬ್ಬಿದೆ. ಪಾಚಿ ಮೇಯುವ ದೊಡ್ಡ ಮೀನು ಯಾವುದು ಹಾಕಲಿ ಅಂತ. ಸಾಗರದ ಕಡೆಯ ಅಡಿಕೆ ಬೆಳೆಗಾರರು ಆರು ಅಡಿಯ ಟ್ಯಾಂಕನ್ನೇ ಕಟ್ಟಿಸಲು ಹೊರಟಿದ್ದಾರೆ; ಸರ್ಜನ್ ಮೀನುಗಳಲ್ಲಿ ಪೌಡರ್ ಬ್ಲೂ ತರಲೋ, ಸೇಲ್‌ಫಿನ್ ತರಲೋ, ನೇಸೋ ತರಲೋ ಎಂದು ಅವರ ತೊಳಲಾಟ. ತೀರ್ಥಹಳ್ಳಿಯ ಮೇಷ್ಟ್ರೊಬ್ಬರಿಗೆ ಮಗಳ ಹಟ: ಫೈಂಡಿಂಗ್ ನೀಮೋ ಸಿನಿಮಾದಲ್ಲಿ ನೋಡಿದ ಆ ನೀಲಿ ಮೀನೇ ಬೇಕು.

ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆ ಮೀನು ಆರಿಸುವಾಗ ಬಣ್ಣಕ್ಕಿಂತ ಮೊದಲು ಕಣ್ಣ ಮುಂದೆ ತಂದುಕೊಳ್ಳಬೇಕಾದದ್ದು ಜುಲೈ ಕೊನೆಯ ವಾರವನ್ನು. ಪುಷ್ಯ ಮಳೆ ಹೊಯ್ಯುತ್ತಿದೆ, ಮರ ಬಿದ್ದು ಲೈನು ಹರಿದಿದೆ, ನಿನ್ನೆ ಸಂಜೆ ಹೋದ ಕರೆಂಟು ಇನ್ನೂ ಬಂದಿಲ್ಲ. ಆ ಹೊತ್ತಿನಲ್ಲಿ ನಾನು ಬದುಕಿಸಿಕೊಳ್ಳಬಲ್ಲ ಮೀನು ಯಾವುದು ಎಂದು ಕೇಳಿಕೊಂಡರೆ ಅರ್ಧ ಪಟ್ಟಿ ತಾನಾಗಿ ಖಾಲಿಯಾಗುತ್ತದೆ.

ಹೊಸಬರಿಗೆ ಎರಡು ಮಾತಿನ ಪರಿಚಯ. ಅಕ್ಯಾಂಥುರಿಡೇ ಎಂಬ ಕುಟುಂಬದ ಎಂಬತ್ತಕ್ಕೂ ಹೆಚ್ಚು ಜಾತಿಯ ಮೀನುಗಳಿಗೆ ಸರ್ಜನ್ ಎಂಬ ಹೆಸರು ಬಂದದ್ದು ಬಾಲದ ಬುಡದಲ್ಲಿರುವ ಚೂರಿಯಿಂದ. ಸಾಮಾನ್ಯವಾಗಿ ಎರಡೂ ಬದಿಗೆ ಒಂದೊಂದು, ಅಡಕತ್ತರಿಯ ಅಲಗಿನಷ್ಟು ಹರಿತ; ಬೇಕಾದಾಗ ಬಿಚ್ಚಿ, ಬೇಡವಾದಾಗ ತೋಡಿನೊಳಗೆ ಮಡಚಿಕೊಳ್ಳುತ್ತದೆ. ನೇಸೋ ಜಾತಿಯವಕ್ಕೆ ಮಾತ್ರ ಮಡಚಲು ಬಾರದ ಅಲಗು, ಹೆಚ್ಚಿನವಕ್ಕೆ ಬದಿಗೆ ಎರಡೆರಡು. ಹವ್ಯಾಸಿಗಳು ಎಲ್ಲವನ್ನೂ ಟ್ಯಾಂಗ್ ಎಂದೇ ಕರೆಯುವುದು. ಇವನ್ನು ಬಲೆಯಲ್ಲಿ ಹಿಡಿಯಲು ಹೋಗಬೇಡಿ. ಚೂರಿ ಬಲೆಗೆ ಸಿಕ್ಕಿಕೊಂಡರೆ ಮೀನಿನ ಬಾಲವೂ ಹಾಳು, ಬಿಡಿಸಲು ಹೋದ ನಿಮ್ಮ ಬೆರಳೂ ಹಾಳು. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಓಡಿಸಿ ಎತ್ತಬೇಕು.

ಅಳೆಯುವುದು ಯಾವುದರಿಂದ

ಮೊದಲನೆಯದು ಗಾಜಿನ ಉದ್ದ. ಲೀಟರ್ ಲೆಕ್ಕ ಆಮೇಲೆ. ಸರ್ಜನ್ ಮೀನು ದಿನವಿಡೀ ಮೈಲುಗಟ್ಟಲೆ ಅಲೆಯುತ್ತ ಮೇಯುವ ಪ್ರಾಣಿ. ಎತ್ತರದ ಟ್ಯಾಂಕ್ ಅದಕ್ಕೆ ಹಗ್ಗ ಗಿಡ್ಡ ಮಾಡಿ ಕಟ್ಟಿದ ಹಾಗೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿಗೆ ಸುಮಾರು 450 ಲೀಟರ್ ಹಿಡಿಯುತ್ತದೆ. ಆರಡಿ ಉದ್ದದ್ದಾದರೆ ಸುಮಾರು 680. ಅಗಲ ಒಂದೂವರೆ, ಎತ್ತರ ಒಂದೂವರೆ ಅಡಿಯ ಮಾಮೂಲಿ ನಾಲ್ಕಡಿ ಟ್ಯಾಂಕು 255 ಲೀಟರಿಗೆ ಮುಗಿಯುತ್ತದೆ. ಅದರಲ್ಲಿ ಈ ಬರಹದ ಯಾವ ದೊಡ್ಡ ಮೀನನ್ನೂ ಇಡುವಂತಿಲ್ಲ.

ಇಲ್ಲೇ ಮಲೆನಾಡಿನ ಮನೆಯ ಮಾತೂ ಬರುತ್ತದೆ. 680 ಲೀಟರ್ ಉಪ್ಪುನೀರು ಎಂದರೆ ಏಳುನೂರು ಕಿಲೋ. ಗಾಜು, ಕಲ್ಲು, ಸ್ಟ್ಯಾಂಡು ಸೇರಿದರೆ ಒಂದು ಟನ್ನಿನ ಹತ್ತಿರ. ಮರದ ತೊಲೆಯ ಉಪ್ಪರಿಗೆಯ ಮೇಲೆ ಇಡುವ ಆಸೆ ಇದ್ದರೆ ಇಲ್ಲೇ ಬಿಟ್ಟುಬಿಡಿ. ನೆಲಮಾಳಿಗೆಯಿಲ್ಲದ ಕೆಳಗಿನ ಅಂಕಣ, ಗಾರೆ ಅಥವಾ ರೆಡ್ ಆಕ್ಸೈಡ್ ನೆಲ, ಬಿಸಿಲು ನೇರ ಬೀಳದ ಗೋಡೆ: ಅದೇ ಜಾಗ.

ಎರಡನೆಯದು, ಮೀನು ಏನು ಮೇಯುತ್ತದೆ. ಶೃಂಗೇರಿಯಲ್ಲಿ, ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಬೆಳೆದವರು ನಾವು. ಮೀನು ಎಂದರೆ ಹಾಕಿದ್ದನ್ನು ಬಾಚಿ ತಿನ್ನುವುದು ಎಂಬ ಭಾವನೆ ರಕ್ತದಲ್ಲೇ ಇದೆ. ಸರ್ಜನ್ ಹಾಗಲ್ಲ, ಅದು ಎಮ್ಮೆಯ ಜಾತಿ. ಬೆಳಗಿನಿಂದ ಕತ್ತಲೆಯವರೆಗೆ ಸ್ವಲ್ಪ ಸ್ವಲ್ಪವೇ ಪಾಚಿ ಹೆರೆಯುತ್ತಿರಬೇಕು. ಆದರೆ ಎಲ್ಲ ಎಮ್ಮೆಯೂ ಎಲ್ಲ ಹುಲ್ಲೂ ತಿನ್ನುವುದಿಲ್ಲ ಎನ್ನುವುದನ್ನು ಅಂಗಡಿಯವರು ಹೇಳುವುದಿಲ್ಲ. ಹಳದಿ ಟ್ಯಾಂಗ್, ಸೇಲ್‌ಫಿನ್ ಸೇರಿದ ಜೀಬ್ರಸೋಮ ಗುಂಪಿನವು ಎಳೆ ಎಳೆಯಾದ ಪಾಚಿಯನ್ನೂ ಎಲೆಯಂಥ ಪಾಚಿಯನ್ನೂ ಕಚ್ಚಿ ಹರಿಯುತ್ತವೆ. ಟೀನೋಕೀಟಸ್ ಗುಂಪಿನವಕ್ಕೆ ಹಲ್ಲು ಬಾಚಣಿಗೆಯಂತೆ. ಅವು ಕಲ್ಲು, ಗಾಜಿನ ಮೇಲಿನ ತೆಳು ಪೊರೆಯನ್ನೂ ಕಸವನ್ನೂ ಬಾಚುತ್ತವೆಯೇ ಹೊರತು ಉದ್ದ ಪಾಚಿಯನ್ನು ಮುಟ್ಟುವುದೂ ಇಲ್ಲ. ನೇಸೋಗೆ ಕಂದು ಬಣ್ಣದ ಒರಟು ಕಡಲಪಾಚಿ ಇಷ್ಟ.

ಮೂರನೆಯದು ಉಸಿರು. ಇವು ಅಲೆ ಬಡಿಯುವ ಬಂಡೆಗಳ ನಡುವೆ ಬದುಕುವವು, ಆಮ್ಲಜನಕ ಹೇರಳವಾಗಿರುವ ನೀರು ಅಭ್ಯಾಸ. ಪಂಪು ನಿಂತರೆ ಚಿಕ್ಕ ಕ್ಲೌನ್‌ಫಿಶ್‌ಗಿಂತ ಎಷ್ಟೋ ಮೊದಲೇ ಇವು ಮೇಲ್ಮೈಗೆ ಬಂದು ಬಾಯಿ ಬಿಡುತ್ತವೆ. ನಾಲ್ಕನೆಯದು ರೋಗ, ಐದನೆಯದು ಜಗಳ. ಕೊನೆಗೆ ದುಡ್ಡು. ಮೀನಿನ ಬೆಲೆ ಒಂದು ಸಲದ್ದು. ಅದರ ಬೆನ್ನಿಗೆ ಬರುವ ಉಪ್ಪು ಮತ್ತು ಕರೆಂಟು ವರ್ಷಗಟ್ಟಲೆಯದ್ದು. ವರ್ಷಗಟ್ಟಲೆ ಎಂದು ಸುಮ್ಮನೆ ಹೇಳಿದ್ದಲ್ಲ: ಹವಾಯಿಯ ಕಡಲಿನಲ್ಲಿ ಹಳದಿ ಟ್ಯಾಂಗ್ ನಲವತ್ತು ವರ್ಷ ದಾಟಿ ಬದುಕಿದ ದಾಖಲೆ ಇದೆ. ಅಡಿಕೆ ಸಸಿ ನೆಟ್ಟ ಹಾಗೆಯೇ, ತರುವ ಮುಂಚೆ ಮುಂದೆ ನೋಡಿಕೊಳ್ಳುವವರು ಯಾರು ಎಂಬ ಯೋಚನೆ ಇರಲಿ.

ಆರಡಿ ಟ್ಯಾಂಕಿನ ಲೆಕ್ಕ ಒಂದು ಸಲ ಬಿಡಿಸಿ ಹೇಳುತ್ತೇನೆ. ವಾರಕ್ಕೆ ಹತ್ತು ಶೇಕಡ ನೀರು ಬದಲಿಸಿದರೆ 68 ಲೀಟರ್. ಲೀಟರಿಗೆ 35 ಗ್ರಾಂ ಉಪ್ಪಿನಂತೆ ವಾರಕ್ಕೆ 2.4 ಕಿಲೋ, ವರ್ಷಕ್ಕೆ 120 ಕಿಲೋ ದಾಟುತ್ತದೆ. ಮುಖ್ಯ ಪಂಪು, ಅಲೆ ಎಬ್ಬಿಸುವ ಎರಡು ಪಂಪು, ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಸ್ಕಿಮ್ಮರ್ ಸೇರಿ 120 ವಾಟ್ ಎಂದಿಟ್ಟುಕೊಂಡರೆ ದಿನಕ್ಕೆ 2.9 ಯೂನಿಟ್, 200 ವಾಟಿನ ದೀಪ ಎಂಟು ಗಂಟೆಗೆ 1.6 ಯೂನಿಟ್. ತಿಂಗಳಿಗೆ ಸುಮಾರು 135 ಯೂನಿಟ್, ಅದೂ ನೀರು ತಣಿಸುವ ಚಿಲ್ಲರ್ ಸೇರಿಸದೆ. ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗೆ ಆರಾಮಾಗಿದ್ದ ಮನೆ ಮೀನು ಬಂದ ತಿಂಗಳೇ ಪೂರ್ತಿ ಬಿಲ್ಲು ಕಟ್ಟಬೇಕಾಗಬಹುದು. ನಮ್ಮನೆಯಲ್ಲಿ ಇದರ ಬಗ್ಗೆ ಮಾತುಕತೆ ಆಗಿದೆ, ವಿವರ ಬೇಡ.

ಚಿಲ್ಲರ್ ವಿಷಯದಲ್ಲಿ ಮಾತ್ರ ಊರಿಂದೂರಿಗೆ ವ್ಯತ್ಯಾಸ. ಶಿವಮೊಗ್ಗ ಪೇಟೆಯ ಆರ್‌ಸಿಸಿ ಮನೆಗೆ ಮಾರ್ಚ್‌ನಿಂದ ಮೇವರೆಗೆ ಚಿಲ್ಲರ್ ಇಲ್ಲದೆ ನಡೆಯದು. ತೀರ್ಥಹಳ್ಳಿ, ಹೊಸನಗರದ ಕಡೆಯ ಹಂಚಿನ ಮನೆಯಲ್ಲಿ ನೀರಿನ ಮೇಲೆ ಬೀಸುವ ಸಣ್ಣ ಫ್ಯಾನು ಎರಡು ಮೂರು ಡಿಗ್ರಿ ಇಳಿಸಿಕೊಡುತ್ತದೆ, ಬೇಸಗೆಯ ಒಣಗಾಳಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದ ತೇವದಲ್ಲಿ ಫ್ಯಾನಿಗೆ ಆ ಶಕ್ತಿ ಇರುವುದಿಲ್ಲ, ಆದರೆ ಆಗ ಬೇಕಾದದ್ದು ಹೀಟರ್.

ಹವಳದ ಬಗ್ಗೆ ಒಂದು ಎಚ್ಚರ

ರೀಫ್ ಟ್ಯಾಂಕ್, ಅಂದರೆ ಹವಳದ ಬಂಡೆಯ ಟ್ಯಾಂಕ್, ಎಂದ ಕೂಡಲೇ ವಿದೇಶಿ ವಿಡಿಯೋಗಳ ಬಣ್ಣಬಣ್ಣದ ಗಟ್ಟಿಹವಳ ಕಣ್ಣಿಗೆ ಬರುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬಂಡೆ ಕಟ್ಟುವ ಗಟ್ಟಿಹವಳ, ಕರಿಹವಳ, ಬೆಂಕಿಹವಳ, ಕಡಲ ಬೀಸಣಿಗೆ ಎಲ್ಲವೂ 1ನೇ ಅನುಸೂಚಿಯಲ್ಲಿವೆ; ಹುಲಿ ಆನೆ ಇರುವ ಪಟ್ಟಿ ಅದು. ಲಕ್ಷದ್ವೀಪದಿಂದ ಬಂದ ಜೀವಂತ ಕಲ್ಲು (ಕಡಲಿನಿಂದ ಕಿತ್ತ ಹವಳದ ಕಲ್ಲು) ಎಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬನ್ನಿ. ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಕಲ್ಲಿನ ಮೇಲೆ ಬ್ಯಾಕ್ಟೀರಿಯಾ, ಪಾಚಿ ಹಿಡಿಸಿ ಕಟ್ಟಿದ ಬಂಡೆಯೇ ಸರ್ಜನ್ ಮೀನಿಗೆ ಸಾಕು. ಗಟ್ಟಿಹವಳಕ್ಕೆ ಬೇಕಾದ ಪ್ರಖರ ದೀಪ ಬೇಡವಾದ್ದರಿಂದ ಬಿಲ್ಲೂ ಇಳಿಯುತ್ತದೆ. ದೊಡ್ಡ ಮೇಯುವ ಮೀನುಗಳು ಹಾಕುವ ಹಿಕ್ಕೆಯ ಪ್ರಮಾಣ ನೋಡಿದರೆ, ಸೂಕ್ಷ್ಮ ಹವಳ ಅವುಗಳ ಜೊತೆ ಹೇಗೂ ಕಷ್ಟವೇ.

ತಾಮ್ರ

ಇದನ್ನು ಬೇರೆ ಊರಿನವರು ಬರೆದ ಗೈಡಿನಲ್ಲಿ ಕಾಣುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಟ್ಯಾಂಕಿನ ಸಿಗಡಿ, ಬಸವನಹುಳು, ಮೆತ್ತನೆಯ ಹವಳ ಇವಕ್ಕೆಲ್ಲ ತಾಮ್ರ ವಿಷ, ಅತಿ ಕಡಿಮೆ ಪ್ರಮಾಣದಲ್ಲೂ. ಮಲೆನಾಡಿನ ಮನೆಯಲ್ಲೋ ತಾಮ್ರವಿಲ್ಲದ ಮೂಲೆ ಇಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ ನೀರು ಬದಲಿಸಬೇಕಿತ್ತು. ಬಕೆಟ್ಟಿನ ನೀರು ಐಸಿನಂತಿತ್ತು. ಬೇಗ ಬೆಚ್ಚಗಾಗಲಿ ಎಂದು ಬಚ್ಚಲಿನ ಹಂಡೆಯಿಂದ ನಾಲ್ಕು ಚೊಂಬು ಬಿಸಿನೀರು ಬೆರೆಸಿ, ಉಪ್ಪು ಕರಗಿಸಿ, ಟ್ಯಾಂಕಿಗೆ ಹೊಯ್ದೆ. ಸಂಜೆ ನೋಡಿದರೆ ಗಾಜಿಗಂಟಿದ್ದ ಬಸವನಹುಳುಗಳೆಲ್ಲ ಮರಳಿನ ಮೇಲೆ ಅಂಗಾತ. ಮರುದಿನ ಎರಡು ಸಿಗಡಿ ಕೆಂಪಗೆ ಬೆಂದ ಹಾಗೆ ಮುದುಡಿ ಬಿದ್ದಿದ್ದವು. ಮೀನಿಗೆ ಏನೂ ಆಗಲಿಲ್ಲ, ಅದೇ ಸುಳಿವು. ನಮ್ಮ ಬಾವಿ ನೀರು ಮೃದು, ಸ್ವಲ್ಪ ಹುಳಿ ಗುಣದ್ದು. ರಾತ್ರಿಯಿಡೀ ತಾಮ್ರದ ಹಂಡೆಯಲ್ಲಿ ಕಾದರೆ ಲೋಹವನ್ನು ಕರಗಿಸಿಕೊಳ್ಳುತ್ತದೆ. ತಪ್ಪು ಪೂರ್ತಿ ನನ್ನದೇ.

ಹಂಡೆ ಒಂದೇ ಅಲ್ಲ. ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ, ಅಂದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದ ಬೋರ್ಡೋ ದ್ರಾವಣ ಗಾಳಿಯಲ್ಲಿ ತೇಲುವಾಗ, ಮಾಡಿನಿಂದ ಇಳಿವ ಮಳೆನೀರನ್ನು ಟ್ಯಾಂಕಿಗೆ ಹಿಡಿಯಬೇಡಿ. ತೋಟದಿಂದ ಬಂದವರು ಕೈ ತೊಳೆಯದೆ ಟ್ಯಾಂಕಿಗೆ ಕೈ ಹಾಕುವುದೂ ಬೇಡ. ಅಡುಗೆಮನೆಯ ನೀರು ಶುದ್ಧಿ ಯಂತ್ರದಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ತಾಮ್ರ ಬೆರೆಸುವ ಮಾದರಿ ಈಗ ಮನೆಮನೆಗೆ ಬಂದಿದೆ. ಅದರ ನೀರು ನಮಗೆ ಇರಲಿ. ಟ್ಯಾಂಕಿಗೆ ಬೇರೆಯೇ ಆರ್‌ಒ, ಅದರ ಹಿಂದೆ ಉಳಿದ ಲವಣ, ಲೋಹ ಹೀರುವ ಡಿಐ ರಾಳದ ಡಬ್ಬಿ, ಪ್ಲಾಸ್ಟಿಕ್ ಡ್ರಮ್ಮು. ಇದಕ್ಕೆ ಬಜೆಟ್ಟಿನಲ್ಲಿ ಮೊದಲೇ ಜಾಗ ಇಡಿ.

ಈಗ ಮೀನುಗಳು

ಪೌಡರ್ ಬ್ಲೂನಿಂದಲೇ ಶುರು ಮಾಡುತ್ತೇನೆ, ಎಲ್ಲರ ಕಣ್ಣೂ ಅದರ ಮೇಲೇ. ತಿಳಿನೀಲಿ ಮೈ, ಕಪ್ಪು ಮುಖ, ಬಿಳಿ ಗಲ್ಲ, ಬೆನ್ನಿಗೆ ಹಳದಿ ರೆಕ್ಕೆ. ಹಿಂದೂ ಮಹಾಸಾಗರದ್ದೇ ಮೀನು, ಲಕ್ಷದ್ವೀಪದ ಸುತ್ತ ಗುಂಪುಗುಂಪಾಗಿ ಮೇಯುತ್ತದೆ. ಹಾಗಾಗಿ ನಮ್ಮ ಮಾರುಕಟ್ಟೆಗೆ ದೂರದ ಹಳದಿ ಟ್ಯಾಂಗ್‌ಗಿಂತ ಸುಲಭವಾಗಿ ಬರುತ್ತದೆ. ಒಂದು ಗೇಣು ಉದ್ದ ಬೆಳೆಯುತ್ತದೆ, ಅಂದರೆ 23 ಸೆಂಟಿಮೀಟರ್ ಆಸುಪಾಸು. ಅಳತೆಯಲ್ಲಿ ಚಿಕ್ಕದಾದರೂ ಓಡಾಟಕ್ಕೆ ಆರಡಿಯೇ ಬೇಕು, ಐದಡಿಗಿಂತ ಕಡಿಮೆಯಲ್ಲಿ ತಲೆ ಕೆಟ್ಟ ಹಾಗೆ ಗಾಜಿನುದ್ದಕ್ಕೂ ಹಿಂದೆ ಮುಂದೆ ಓಡುತ್ತಿರುತ್ತದೆ.

ಇದರ ತೊಂದರೆ ಬಿಳಿಚುಕ್ಕೆ ರೋಗ. ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿ ಮೀನಿನ ಚರ್ಮದೊಳಗೆ ಕೆಲವು ದಿನ ಮೇದು, ಉದುರಿ, ಕಲ್ಲು ಮರಳಿಗೆ ಅಂಟಿ, ಅಲ್ಲಿ ನೂರಾರು ಮರಿಗಳಾಗಿ ಒಡೆದು ಮತ್ತೆ ಮೀನು ಹುಡುಕುತ್ತದೆ. ಎಲ್ಲ ಸರ್ಜನ್ನುಗಳಿಗೂ ಇದು ಬರುವುದೇ, ಆದರೆ ಪೌಡರ್ ಬ್ಲೂಗೆ ಮೊದಲು ಬರುತ್ತದೆ, ಜೋರಾಗಿ ಬರುತ್ತದೆ. ನಾನು ತಂದದ್ದು ಒಂದೇ ಒಂದು. ಅಂಗಡಿಯವರು ಕ್ವಾರಂಟೈನ್ ಆಗಿದೆ ಎಂದರು, ನಾನು ನಂಬಿ ನೇರ ದೊಡ್ಡ ಟ್ಯಾಂಕಿಗೆ ಬಿಟ್ಟೆ. ಏಳು ತಿಂಗಳು ರಾಜನಂತೆ ಇತ್ತು. ಜುಲೈಯಲ್ಲಿ ಹದಿನೆಂಟು ತಾಸು ಕರೆಂಟು ಹೋಯಿತು. ಬ್ಯಾಟರಿ ಗಾಳಿಪಂಪು ಉಸಿರು ಉಳಿಸಿತು, ಆದರೆ ಹೀಟರ್ ಇಲ್ಲದೆ ನೀರು 22 ಡಿಗ್ರಿಗೆ ಇಳಿಯಿತು. ಮೂರನೇ ದಿನ ಬೆಳಗ್ಗೆ ಎದೆಯ ರೆಕ್ಕೆಗಳ ಮೇಲೆ ರವೆ ಚೆಲ್ಲಿದ ಹಾಗೆ ಚುಕ್ಕೆ. ಐದನೇ ದಿನ ಮೈಯೆಲ್ಲ. ಕಲ್ಲಿಗೆ ಮೈ ಉಜ್ಜುವುದು, ಪಂಪಿನ ಧಾರೆಗೆ ಮುಖ ಒಡ್ಡಿ ನಿಲ್ಲುವುದು. ಅಷ್ಟರಲ್ಲಿ ಹಿಡಿಯಲು ಹೊರಟರೆ ಕಲ್ಲಿನ ಸಂದಿಯಿಂದ ಹೊರಗೇ ಬರಲಿಲ್ಲ. ಎಂಟನೇ ದಿನ ಸತ್ತಿತು. ಮುನ್ನೂರು ಕಿಲೋಮೀಟರ್ ದೂರದ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಮೀನು.

ಆದ್ದರಿಂದ ಪೌಡರ್ ಬ್ಲೂ ಬೇಕೆಂದರೆ ಆರಡಿ ಟ್ಯಾಂಕಿನ ಜೊತೆಗೆ ನೂರು ಲೀಟರಿನ ಬರಿದಾದ ಕ್ವಾರಂಟೈನ್ ಟ್ಯಾಂಕು, ತಾಮ್ರದ ಔಷಧಿ, ಅದನ್ನು ಅಳೆಯುವ ಕಿಟ್ಟು, ಮೂವತ್ತು ದಿನದ ತಾಳ್ಮೆ ಇವಿಷ್ಟೂ ಸೇರಿದ ಬೆಲೆಯನ್ನೇ ಮೀನಿನ ಬೆಲೆ ಎಂದುಕೊಳ್ಳಿ. ಹೌದು, ಸಿಗಡಿಯನ್ನು ಕೊಂದ ಅದೇ ತಾಮ್ರ ಇಲ್ಲಿ ಮದ್ದು, ಆದರೆ ಕಲ್ಲು ಮರಳಿಲ್ಲದ ಬೇರೆ ಟ್ಯಾಂಕಿನಲ್ಲಿ, ಬಾಟಲಿಯಲ್ಲಿ ಬರೆದ ಪ್ರಮಾಣದಲ್ಲಿ, ದಿನಾ ಅಳೆದು. ಅಟ್ಟದ ಮೇಲೆ ತೋಟಕ್ಕೆ ತಂದ ಮೈಲುತುತ್ತ ಇದೆಯಲ್ಲ ಎಂದು ಚಿಟಿಕೆ ಹಾಕಲು ಹೋಗಬೇಡಿ. ಅದರಲ್ಲಿ ಇನ್ನೇನಿದೆಯೋ, ಚಿಟಿಕೆಗೆ ಅಳತೆಯೂ ಇಲ್ಲ. ದೊಡ್ಡ ಟ್ಯಾಂಕಿಗೆ ರೋಗ ಹೊಕ್ಕಿದ್ದರೆ ಎಲ್ಲ ಮೀನನ್ನೂ ತೆಗೆದು 76 ದಿನ ಖಾಲಿ ಬಿಡುವುದು ಹವ್ಯಾಸಿಗಳ ರೂಢಿ.

ಸೇಲ್‌ಫಿನ್, ಅದರಲ್ಲೂ ಹಿಂದೂ ಮಹಾಸಾಗರದ ಡೆಜಾರ್ಡಿನ್ ಸೇಲ್‌ಫಿನ್, ನನ್ನ ಮಟ್ಟಿಗೆ ಮಲೆನಾಡಿನ ದೊಡ್ಡ ಟ್ಯಾಂಕಿಗೆ ತಕ್ಕ ಮೀನು. ಹೆದರಿದಾಗ, ಗರ್ವ ಬಂದಾಗ ಮೇಲಿನ ಕೆಳಗಿನ ರೆಕ್ಕೆ ಬಿಚ್ಚಿದರೆ ಯಕ್ಷಗಾನದ ವೇಷ ರಂಗಕ್ಕೆ ಬಂದ ಹಾಗೆ, ಉದ್ದಕ್ಕಿಂತ ಎತ್ತರವೇ ಜಾಸ್ತಿ ಕಾಣುತ್ತದೆ. ಪಾಚಿ ಮೇಯುವುದರಲ್ಲಿ ಜಾತಿಭೇದವಿಲ್ಲ. ಬೇರೆ ಮೀನು ಮುಟ್ಟದ ಗುಳ್ಳೆಪಾಚಿಯನ್ನೂ ಕೆಲವು ಸೇಲ್‌ಫಿನ್ನುಗಳು ಚಿಟಚಿಟನೆ ಒಡೆದು ತಿನ್ನುತ್ತವೆ. ರೋಗಕ್ಕೆ ಪೌಡರ್ ಬ್ಲೂನಷ್ಟು ಬೇಗ ಬಗ್ಗುವುದಿಲ್ಲ. ಕೊರತೆ ಒಂದೇ: 40 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಅಂಗಡಿಯಲ್ಲಿ ಅಂಗೈಯಗಲದ ಪಟ್ಟೆಪಟ್ಟೆ ಮರಿ ನೋಡಿ ನಾಲ್ಕಡಿ ಟ್ಯಾಂಕಿಗೆ ತಂದವರು ಎರಡು ವರ್ಷದ ನಂತರ ನನಗೆ ಫೋನ್ ಮಾಡಿ ಯಾರಿಗಾದರೂ ಬೇಕಾ ಎಂದು ಕೇಳುತ್ತಾರೆ. ಆರಡಿ ಇದಕ್ಕೆ ಕನಿಷ್ಠ.

ನೇಸೋ ಇನ್ನೂ ದೊಡ್ಡದು. ಹಿಂದೂ ಮಹಾಸಾಗರದ ಎಲೆಗನ್ಸ್ ನೇಸೋ 45 ಸೆಂಟಿಮೀಟರ್ ಮುಟ್ಟುತ್ತದೆ, ಕೊಂಬಿನ ನೇಸೋ ಯೂನಿಕಾರ್ನಿಸ್ 70. ಸ್ವಭಾವ ಮಾತ್ರ ಸಾಧು, ದೊಡ್ಡ ಹೋರಿಯ ಹಾಗೆ ತನ್ನ ಪಾಡಿಗೆ ತಾನು. ಕೈಯಿಂದ ನೋರಿ (ಒಣಗಿಸಿದ ಕಡಲಪಾಚಿಯ ಹಾಳೆ) ಕಿತ್ತುಕೊಂಡು ಹೋಗುವಷ್ಟು ಸಲಿಗೆ ಬೆಳೆಸುತ್ತದೆ. ಎಂಟಡಿ ಗಾಜು, ಸಾವಿರ ಲೀಟರ್, ಅದಕ್ಕೆ ತಕ್ಕ ಜನರೇಟರ್ ಇರುವವರು ಮಾತ್ರ ಯೋಚಿಸಿ. ಆರಡಿಯಲ್ಲಿ ಇಟ್ಟವರಿದ್ದಾರೆ, ಮೀನು ಸಾಯಲಿಲ್ಲ ಎನ್ನುತ್ತಾರೆ. ಸಾಯಲಿಲ್ಲ ಎನ್ನುವುದು ನನ್ನ ಅಳತೆಗೋಲಲ್ಲ.

ಗೆರೆ ಸರ್ಜನ್, ಅದರ ಅಣ್ಣನಂಥ ಕೆಂಪು ಸಮುದ್ರದ ಸೊಹಾಲ್: ಇವೆರಡನ್ನೂ ಬೇಗ ಮುಗಿಸುತ್ತೇನೆ. ಕಡಲಿನಲ್ಲಿ ಒಂದೊಂದೂ ತನ್ನ ಪಾಚಿಯ ಗದ್ದೆಗೆ ಬೇಲಿ ಹಾಕಿಕೊಂಡು ಬೇರೆಯವರನ್ನು ಅಟ್ಟುವ ಜಾತಿ. ಟ್ಯಾಂಕಿನಲ್ಲಿ ಇಡೀ ಟ್ಯಾಂಕೇ ಅವುಗಳ ಗದ್ದೆ. ಗೆರೆ ಸರ್ಜನ್ನಿನ ಚೂರಿ ವಿಷದ್ದು. 40 ಸೆಂಟಿಮೀಟರ್ ಹತ್ತಿರ ಬೆಳೆಯುತ್ತವೆ. ಒಂದೇ ಮೀನಿನ ಟ್ಯಾಂಕ್ ಸಾಕು ಎನ್ನುವವರಿಗೆ ಇವುಗಳಷ್ಟು ಠೀವಿ ಬೇರೆಯದಕ್ಕಿಲ್ಲ. ಉಳಿದವರಿಗೆ ಬೇಡ.

ನೀಲಿ ಟ್ಯಾಂಗ್, ಮೇಷ್ಟ್ರ ಮಗಳು ಕೇಳಿದ್ದು. ಇದನ್ನು ಪಾಚಿ ಮೀನೆಂದು ಮಾರುತ್ತಾರೆ, ಆದರೆ ಕಡಲಿನಲ್ಲಿ ಇದರ ಮುಖ್ಯ ಆಹಾರ ನೀರಿನಲ್ಲಿ ತೇಲುವ ಸಣ್ಣ ಜೀವಿಗಳು. ಪಾಚಿ ಮೇಯಲಿ ಎಂದು ತರುವುದು ವ್ಯರ್ಥ. 30 ಸೆಂಟಿಮೀಟರ್ ಬೆಳೆಯುತ್ತದೆ, ಬಿಳಿಚುಕ್ಕೆಗೆ ಪೌಡರ್ ಬ್ಲೂನ ನಂತರದ ಹೆಸರು ಇದರದ್ದೇ. ರಾತ್ರಿ ಕಲ್ಲಿನ ಸಂದಿಯಲ್ಲಿ ಅಡ್ಡಬಿದ್ದು ಸತ್ತಂತೆ ಮಲಗುವ ಅಭ್ಯಾಸವೂ ಇದೆ. ಮಗು ನೋಡಿ ಅಳುತ್ತದೆ. 2016ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಇದನ್ನು ಮೊದಲ ಬಾರಿ ಸಾಕಣೆಯಲ್ಲಿ ಮರಿ ಮಾಡಿಸಿದ್ದರು. ನಮ್ಮ ಅಂಗಡಿಗಳಲ್ಲಿ ನಾನು ನೋಡಿದ್ದೆಲ್ಲ ಕಡಲಿನಿಂದ ಹಿಡಿದದ್ದೇ.

ಇನ್ನು ಚಿಕ್ಕವು. ಹಳದಿ ಟ್ಯಾಂಗ್ 20 ಸೆಂಟಿಮೀಟರ್‌ಗೆ ನಿಲ್ಲುತ್ತದೆ, ಗಟ್ಟಿಮುಟ್ಟು, ಎಳೆಪಾಚಿಗೆ ಒಳ್ಳೆಯ ಕುಡುಗೋಲು. 450 ಲೀಟರಿನ ನಾಲ್ಕಡಿಗೆ ಒಂದು ಹೊಂದುತ್ತದೆ. 2021ರ ಆರಂಭದಲ್ಲಿ ಕೋರ್ಟ್ ತೀರ್ಪಿನಿಂದ ಹವಾಯಿಯಲ್ಲಿ ವಾಣಿಜ್ಯ ಮೀನುಹಿಡಿತ ನಿಂತ ಮೇಲೆ ಬೆಲೆ ಆಕಾಶಕ್ಕೇರಿತು. ಅದರ ಬಡ ತಮ್ಮ ಸ್ಕೋಪಸ್, ಕಂದು ಟ್ಯಾಂಗ್, ಅದೇ ಅಳತೆ, ಅದೇ ಬಾಯಿ, ಅದೇ ಕೆಲಸ, ಹಿಂದೂ ಮಹಾಸಾಗರದಲ್ಲೇ ಇದೆ, ಬೆಲೆಯಲ್ಲಿ ಹೋಲಿಕೆಯೇ ಇಲ್ಲ. ಕಾಫಿಪುಡಿಯ ಬಣ್ಣ ಎಂದು ಜನ ಮುಖ ತಿರುಗಿಸುತ್ತಾರೆ. ಹತ್ತಿರ ಕೂತು ನೋಡಿ: ಮೈಮೇಲೆ ಹಸಿರು ಹಳದಿ ಚುಕ್ಕೆಗಳ ಗೀಟು, ಸಣ್ಣ ನೇಯ್ಗೆಯಂತೆ. ನನ್ನ ಸ್ಕೋಪಸ್ಸಿಗೆ ಆರನೇ ಮಳೆಗಾಲ ದಾಟಿತು. ಆ ಹದಿನೆಂಟು ತಾಸನ್ನೂ, ಹಂಡೆ ನೀರನ್ನೂ ಅದು ಕಂಡಿದೆ.

ಕೋಲೆ ಟ್ಯಾಂಗ್ ಎಂಬುದಿದೆ, ಹೆಸರು ಕೇಳಿ ಅಡಿಕೆಯವರು ಬೆಚ್ಚಿಬೀಳಬೇಡಿ. ನಮ್ಮ ಕೊಳೆಗೂ ಅದಕ್ಕೂ ಸಂಬಂಧವಿಲ್ಲ, ಹವಾಯಿ ಭಾಷೆಯ ಹೆಸರು. ಬಾಚಣಿಗೆ ಹಲ್ಲಿನ ಟೀನೋಕೀಟಸ್ ಗುಂಪಿನ ಚಿಕ್ಕ ಮೀನು, 14 ಸೆಂಟಿಮೀಟರ್. ಗಾಜಿನ ಮೇಲಿನ ಕಂದು ಪೊರೆಗೆ ಇದರಷ್ಟು ಒಳ್ಳೆಯದಿಲ್ಲ. ಮುತ್ತಿಟ್ಟ ಹಾಗೆ ಸಾಲಾಗಿ ತುಟಿಯ ಗುರುತು ಬಿಡುತ್ತ ಹೋಗುತ್ತದೆ. ಉದ್ದ ಎಳೆಪಾಚಿ ಇದ್ದರೆ ಮಾತ್ರ ಪ್ರಯೋಜನವಿಲ್ಲ, ಹೊಸ ಟ್ಯಾಂಕಿನಲ್ಲಿ ಮೇಯಲು ಏನೂ ಸಿಗದೆ ಬಡಕಲಾಗುತ್ತದೆ.

ಮೇವು ಮತ್ತು ಕರೆಂಟು

ಟ್ಯಾಂಕಿನ ಪಾಚಿ ಒಂದು ತಿಂಗಳಲ್ಲಿ ಮುಗಿಯುತ್ತದೆ, ಆಮೇಲೆ ಮೇವು ನೀವೇ ಕೊಡಬೇಕು. ಉಪ್ಪುಖಾರ ಹಾಕದ ಸಾದಾ ನೋರಿ ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಬೆಳಗ್ಗೆಯೊಂದು, ಮಧ್ಯಾಹ್ನವೊಂದು ತುಂಡು. ಬಸಳೆ, ಪಾಲಕ್ ಒಂದೆರಡು ದಿನದ ಆಪತ್ತಿಗೆ ಸರಿ, ನಿತ್ಯದ ಊಟಕ್ಕಲ್ಲ. ಮೇವು ಸರಿಯಿಲ್ಲದ ಸರ್ಜನ್ನಿಗೆ ತಲೆ ಮತ್ತು ಪಕ್ಕದ ಗೆರೆಯುದ್ದಕ್ಕೂ ಚರ್ಮ ಸವೆದು ಕುಳಿ ಬೀಳುತ್ತದೆ ಎನ್ನುವುದು ಹಳೆಯ ಅನುಭವ. ನೀರು ಸೋಸಲು ಪುಡಿ ಉದುರಿಸುವ ಲಿಗ್ನೈಟ್ ಇದ್ದಿಲು ಬಳಸಿದ ಟ್ಯಾಂಕಿನಲ್ಲೂ ಅದೇ ಕುಳಿ ಬಂದದ್ದನ್ನು 2011ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಹಾಗಾಗಿ ಇದ್ದಿಲನ್ನು ಚೆನ್ನಾಗಿ ತೊಳೆದೇ ಬಳಸಿ.

ಕರೆಂಟಿಗೆ ನನ್ನ ಸಲಹೆ, ಮನೆಯ ಇನ್ವರ್ಟರನ್ನು ನಂಬಬೇಡಿ, ಟ್ಯಾಂಕಿಗೇ ಬೇರೆ ಬ್ಯಾಟರಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1,800 ವಾಟ್‌ಅವರ್. ಅರ್ಧ ಮಾತ್ರ ಬಳಸಿ, ನಷ್ಟ ಕಳೆದರೆ ಏಳುನೂರು ಚಿಲ್ಲರೆ ಉಳಿಯಿತು. 20 ವಾಟಿನ ಒಂದು ಅಲೆಪಂಪನ್ನು ನೀರಿನ ಮೇಲ್ಮೈ ಕಲಕುವ ಹಾಗೆ ತಿರುಗಿಸಿಟ್ಟರೆ ಒಂದೂವರೆ ದಿನ ಓಡುತ್ತದೆ. ಹೀಟರನ್ನು ಅದಕ್ಕೆ ಸಿಕ್ಕಿಸಿದರೆ ಕೆಲವೇ ತಾಸು. ಚಳಿಗೆ ಟ್ಯಾಂಕಿನ ಸುತ್ತ ಕಂಬಳಿ ಹೊದಿಸುವುದೇ ಮೇಲು. ನೋಡಿದವರು ನಗುತ್ತಾರೆ, ನಗಲಿ.

ಒಂದಕ್ಕಿಂತ ಹೆಚ್ಚು ಸರ್ಜನ್ ಇಡುವುದಾದರೆ ಒಂದೇ ಆಕಾರದವನ್ನು ಸೇರಿಸಬೇಡಿ. ಹಳದಿಯೂ ಸ್ಕೋಪಸ್ಸೂ ಒಂದೇ ಮೈಕಟ್ಟಿನವು, ದಾಯಾದಿಗಳ ಹಾಗೆ ಕಾದಾಡುತ್ತವೆ. ಸಾಧುವನ್ನು ಮೊದಲು, ಒರಟನನ್ನು ಕೊನೆಗೆ ಬಿಡಿ. ಹೊಸದು ಬಂದ ದಿನ ಗಾಜಿನ ಹೊರಗೆ ಒಂದು ಕನ್ನಡಿ ಒರಗಿಸಿಟ್ಟರೆ ಹಳೆಯದು ತನ್ನ ಬಿಂಬದ ಜೊತೆ ಜಗಳಕ್ಕೆ ನಿಲ್ಲುತ್ತದೆ, ಹೊಸದಕ್ಕೆ ಅಷ್ಟು ಬಿಡುವು.

ಮೂವರಿಗೆ

ವಿನೋಬನಗರದವರು ಮೊದಲು ತಮ್ಮ ಟ್ಯಾಂಕಿನ ಅಗಲ ಅಳೆದು ಹೇಳಲಿ. ಎರಡಡಿ ಇದ್ದರೆ ಸ್ಕೋಪಸ್. ದುಡ್ಡು ತೊಂದರೆಯಿಲ್ಲ, ಬಣ್ಣವೇ ಬೇಕೆಂದರೆ ಹಳದಿ. ಗಾಜಿನ ಮೇಲಿನ ಕಂದು ಪೊರೆ ಮಾತ್ರವಾದರೆ ಕೋಲೆ. ಒಂದೂವರೆ ಅಡಿಯಾದರೆ ಸರ್ಜನ್ ಬೇಡ, ಬಸವನಹುಳು ಹೆಚ್ಚಿಸಿ, ಹಾಕುವ ಆಹಾರ ಇಳಿಸಿ.

ಸಾಗರದವರಿಗೆ ಡೆಜಾರ್ಡಿನ್ ಸೇಲ್‌ಫಿನ್, ಒಂದೇ. ಜೊತೆಗೆ ಬೇಕೆನಿಸಿದರೆ ಬೇರೆ ಮೈಕಟ್ಟಿನ ಕೋಲೆ ಒಂದು. ನೇಸೋ ಆಸೆ ಇದ್ದರೆ ಆರಡಿಯ ಆರ್ಡರನ್ನು ಎಂಟಡಿಗೆ ಬದಲಿಸಿ, ಆಗ ಮಾತಾಡೋಣ. ಪೌಡರ್ ಬ್ಲೂ, ಕ್ವಾರಂಟೈನ್ ಟ್ಯಾಂಕ್ ನಡೆಸಿ ಒಂದು ಮಳೆಗಾಲ ಕಳೆದ ಮೇಲೆ. ತೋಟಕ್ಕೂ ಟ್ಯಾಂಕಿಗೂ ಬೇರೆ ಬೇರೆ ಬಕೆಟ್, ಬಣ್ಣ ಹಚ್ಚಿ ಗುರುತು ಮಾಡಿ.

ಮೇಷ್ಟ್ರಿಗೆ ಹೇಳುವುದು ಕಷ್ಟ. ಅವರ ಮೂರಡಿ ಟ್ಯಾಂಕಿಗೆ ಆ ನೀಲಿ ಮೀನು ಆಗುವುದಿಲ್ಲ. ಮಗಳನ್ನು ರಜೆಯಲ್ಲಿ ಮುರುಡೇಶ್ವರಕ್ಕೆ ಕರೆದೊಯ್ದು ಕಡಲು ತೋರಿಸಿ. ಈಜು ಕಲಿತು ದೊಡ್ಡವಳಾದರೆ ನೇತ್ರಾಣಿ ದ್ವೀಪದ ಹತ್ತಿರ ನೀರಿಗಿಳಿದೇ ಕಡಲ ಮೀನುಗಳನ್ನು ನೋಡಬಹುದು. ಮನೆಗೆ ಒಂದು ಜೋಡಿ ಕ್ಲೌನ್‌ಫಿಶ್ ಸಾಕು, ಅದೂ ಅದೇ ಸಿನಿಮಾದ್ದೇ.

ತರುವ ಕಾಲ ನವೆಂಬರ್‌ನಿಂದ ಜನವರಿ. ಆಗ ತಂದರೆ ಬೇಸಗೆಗೆ ಮೊದಲು ಕ್ವಾರಂಟೈನ್ ಮುಗಿದು, ಮಳೆಗೆ ಮೊದಲು ಮೀನು ಟ್ಯಾಂಕಿಗೆ ಒಗ್ಗಿರುತ್ತದೆ. ದುಡ್ಡು ಕಳಿಸುವ ಮುಂಚೆ ಅಂಗಡಿಯಿಂದ ಮೀನು ನೋರಿ ತಿನ್ನುವ ವಿಡಿಯೋ ಕೇಳಿ. ಎಂಟು ಹತ್ತು ಸೆಂಟಿಮೀಟರಿನದ್ದು ತನ್ನಿ. ಅದಕ್ಕಿಂತ ಚಿಕ್ಕ ಮರಿಗೆ ಪ್ರಯಾಣದ ಉಪವಾಸ ತಡೆಯುವುದಿಲ್ಲ. ಎದುರಿನಿಂದ ನೋಡಿದಾಗ ಹೊಟ್ಟೆ ಒಳಕ್ಕೆ ಹೋಗಿ, ತಲೆಯ ಹಿಂದೆ ಬೆನ್ನು ಚಾಕುವಿನಂತೆ ಕಂಡರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನಿ.